ಗಣಿತ ಬರಲ್ಲ, ಕ್ವಾಂಟಮ್ ಬಗ್ಗೆ ಯಾವ ಪುಸ್ತಕ ಓದಲಿ?

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಒಂದು ಹೆಸರು ಹೇಳಿ ಸುಮ್ಮನಾಗಬಹುದು, ಆದರೆ ಅಂಗಡಿಯಲ್ಲೋ ಲೈಬ್ರರಿಯಲ್ಲೋ ನಿಂತುಕೊಂಡೇ ಪುಸ್ತಕ ಹೇಗಿದೆ ಅಂತ ನೀವೇ ಕಂಡುಕೊಳ್ಳಬಹುದು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಮೊದಲ ಪುಟ ಓದಬೇಡಿ. ಮೊದಲ ಪುಟ ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ಹಿಂದಿನ ಪದಸೂಚಿ ನೋಡಿ, ಎಲೆಕ್ಟ್ರಾನನ್ನು ಅಳೆದರೆ ಏನಾಗುತ್ತದೆ ಅಂತ ಹೇಳುವ ಪುಟಕ್ಕೆ ಹೋಗಿ. ನೋಡುವವರ ಮನಸ್ಸೇ ಕಣವನ್ನು ಬದಲಾಯಿಸುತ್ತದೆ, ಆದ್ದರಿಂದ ನಿಮ್ಮ ಯೋಚನೆ ಜಗತ್ತನ್ನು ಕಟ್ಟುತ್ತದೆ ಅಂತೆಲ್ಲ ಅಲ್ಲಿದ್ದರೆ ಪುಸ್ತಕವನ್ನು ವಾಪಸ್ ಇಡಿ. ವಿಯೆನ್ನಾದಲ್ಲಿ ದೊಡ್ಡ ಕಾರ್ಬನ್ ಅಣುಗಳ ಮೇಲೆ ಪ್ರಯೋಗ ಮಾಡಿದರು. ಆ ಅಣುಗಳು ಅಲೆಯ ಹಾಗೆ ವರ್ತಿಸಿ ಪಟ್ಟೆಗಳನ್ನು ಮೂಡಿಸುತ್ತಿದ್ದವು; ಉಪಕರಣದೊಳಗೆ ಒಂಚೂರು ಅನಿಲ ಬಿಟ್ಟು ಅದರ ಅಣುಗಳು ಡಿಕ್ಕಿ ಹೊಡೆದದ್ದಕ್ಕೇ ಆ ಪಟ್ಟೆಗಳು ಮಸುಕಾಗತೊಡಗಿದವು. ಅನಿಲದ ಅಣುವಿಗೆ ಮನಸ್ಸು ಎಲ್ಲಿಂದ ಬರಬೇಕು, ಅಲ್ವಾ?

ಆಮೇಲೆ ಎಂಟ್ಯಾಂಗಲ್‌ಮೆಂಟ್ ಪುಟ. ದೂರದೂರ ಇರುವ ಎರಡು ಕಣಗಳನ್ನು ಅಳೆದರೆ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವೆ. ಇದನ್ನು ವಿವರಿಸಲು ಜಾಸ್ತಿ ಜನ ಕೈಗವಸಿನ ಉದಾಹರಣೆ ಕೊಡುತ್ತಾರೆ: ಒಂದು ಪೆಟ್ಟಿಗೆಯಲ್ಲಿ ಎಡಗೈಯದು ಸಿಕ್ಕರೆ ಇನ್ನೊಂದರಲ್ಲಿ ಬಲಗೈಯದು ಇದೆ ಅಂತ ಗೊತ್ತಾಗುತ್ತದೆ. ಅಲ್ಲಿಗೇ ನಿಲ್ಲಿಸುವ ಪುಸ್ತಕ ಅರ್ಧ ಕಥೆಯನ್ನೇ ಹೇಳಿಲ್ಲ. ಕೈಗವಸಿನ ಹಾಗೆ ಉತ್ತರ ಮೊದಲೇ ಒಳಗೆ ಕೂತಿದ್ದರೆ ಇಷ್ಟೊಂದು ತಾಳೆ ಬರಲು ಸಾಧ್ಯವಿಲ್ಲ ಅಂತ 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ಲೆಕ್ಕ ಹಾಕಿ ತೋರಿಸಿದರು. ಅದನ್ನು ಪ್ರಯೋಗದಲ್ಲಿ ಪರೀಕ್ಷಿಸಿದ್ದಕ್ಕೇ 2022ರಲ್ಲಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ ನೊಬೆಲ್ ಬಂತು. ಆದರೆ ಇದರಿಂದ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಲು ಆಗುವುದಿಲ್ಲ. ಬೆಲ್ ಹೆಸರೂ ಈ ಮಾತೂ ಎರಡೂ ಇದ್ದರೆ ಲೇಖಕರನ್ನು ನಂಬಬಹುದು.

ಮುಚ್ಚಿದ ಪೆಟ್ಟಿಗೆಯೊಳಗಿನ ಬೆಕ್ಕು ಸತ್ತೂ ಇದೆ, ಬದುಕಿಯೂ ಇದೆ ಅನ್ನುವ ಕಥೆ ಹೇಗಿದ್ದರೂ ಇರುತ್ತದೆ. ಭೌತವಿಜ್ಞಾನಿ ಶ್ರೋಡಿಂಗರ್ 1935ರಲ್ಲಿ ಅದನ್ನು ಹೇಳಿದ್ದು ಬೆಕ್ಕು ನಿಜವಾಗಿ ಸತ್ತೂ ಬದುಕಿಯೂ ಇರುತ್ತದೆ ಅಂತ ಒಪ್ಪಿಸಲು ಅಲ್ಲ, ಹಾಗೆ ಹೇಳಬೇಕಾಗಿ ಬರುವುದು ಎಷ್ಟು ಅಸಂಬದ್ಧ ಅಂತ ತೋರಿಸಲು.

ಈಗ ಹೆಸರುಗಳು. ತಾಳ್ಮೆ ಇರುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ರಿಚರ್ಡ್ ಫೈನ್‌ಮನ್ ಅವರ 'ಕ್ಯೂಇಡಿ' (1985). ಗಾಜಿನ ಒಂದು ಮೈಗೆ ಬೀಳುವ 100 ಫೋಟಾನ್‌ಗಳಲ್ಲಿ (ಬೆಳಕಿನ ಕಣಗಳಲ್ಲಿ) ಸುಮಾರು 4 ಹಿಂದಕ್ಕೆ ಬರುತ್ತವೆ. ಹಿಂಬದಿಯ ಮೈಯನ್ನೂ ಸೇರಿಸಿದರೆ 8 ಬರಬೇಕು ಅನ್ನಿಸುತ್ತದೆ, ಆದರೆ ಗಾಜಿನ ದಪ್ಪ ಬದಲಾದ ಹಾಗೆ ಅದು 0ಯಿಂದ 16ರವರೆಗೆ ಏರಿಳಿಯುತ್ತದೆ. ಹಿಂದಿನ ಮೈ ಎಷ್ಟು ದೂರ ಇದೆ ಅಂತ ಫೋಟಾನ್‌ಗೆ ಹೇಗೆ ಗೊತ್ತು? ಇಂಥ ಒಂದು ಪ್ರಶ್ನೆ ಹಿಡಿದು, ಪುಟ್ಟ ಬಾಣಗಳನ್ನು ತಿರುಗಿಸಿ ಕೂಡಿಸುತ್ತಾ, ಅವರು ಇಡೀ ಲೆಕ್ಕವನ್ನು ನಿಮ್ಮಿಂದಲೇ ಮಾಡಿಸುತ್ತಾರೆ. ತೆಳ್ಳಗಿದೆ ಅಂತ ಒಂದೇ ಸಂಜೆಯಲ್ಲಿ ಮುಗಿಸಲು ಹೋಗಬೇಡಿ.

ಕಥೆ, ಜಗಳ ಬೇಕು ಅನ್ನುವವರಿಗೆ ಮಂಜಿತ್ ಕುಮಾರ್ ಅವರ 'ಕ್ವಾಂಟಮ್'. ಕ್ವಾಂಟಮ್‌ನ ಅರ್ಥ ಏನು ಅಂತ ಐನ್‌ಸ್ಟೀನ್ ಮತ್ತು ಭೌತವಿಜ್ಞಾನಿ ಬೋರ್ ನಡುವೆ ನಡೆದ ವಾದವೇ ಅದರ ಜೀವ.

ಇನ್ನೊಂದು ವಿಷಯ. ಕ್ವಾಂಟಮ್‌ನ ಸಮೀಕರಣದ ಬಗ್ಗೆ ವಿಜ್ಞಾನಿಗಳಲ್ಲಿ ತಕರಾರಿಲ್ಲ, ಅದರ ಅರ್ಥ ಏನು ಅನ್ನುವುದರಲ್ಲಿ ಇವತ್ತಿಗೂ ಇದೆ. ಭೌತವಿಜ್ಞಾನಿ ಶಾನ್ ಕ್ಯಾರಲ್ ತಮ್ಮ ಪುಸ್ತಕದಲ್ಲಿ ಹಲವು ಜಗತ್ತುಗಳಿವೆ ಅಂತ ವಾದಿಸುತ್ತಾರೆ. ಕಾರ್ಲೊ ರೊವೆಲಿ 'ಹೆಲ್ಗೊಲ್ಯಾಂಡ್'ನಲ್ಲಿ ವಸ್ತುವಿನ ಗುಣ ಇನ್ನೊಂದು ವಸ್ತುವಿನ ಜೊತೆಗಿನ ಸಂಬಂಧದಲ್ಲಿ ಮಾತ್ರ ಇದೆ ಅನ್ನುತ್ತಾರೆ. ಇಬ್ಬರೂ ಸೊಗಸಾಗಿ ಬರೆಯುತ್ತಾರೆ, ಅದೇ ತೊಂದರೆ: ಒಬ್ಬರನ್ನೇ ಓದಿದರೆ ಅದೇ ಕೊನೆಯ ಮಾತು ಅನ್ನಿಸಿಬಿಡುತ್ತದೆ. ಓದುವುದಾದರೆ ಇಬ್ಬರನ್ನೂ ಓದಿ.

"ಗಣಿತ ಬರಲ್ಲ" ಅಂದವರಲ್ಲಿ ಎಷ್ಟೋ ಜನರಿಗೆ ಹೈಸ್ಕೂಲಿನದು ಇನ್ನೂ ನೆನಪಿರುತ್ತದೆ. ಅಂಥವರು ಲೆನರ್ಡ್ ಸಸ್‌ಕಿಂಡ್ ಮತ್ತು ಆರ್ಟ್ ಫ್ರೀಡ್‌ಮನ್ ಬರೆದ 'ಥಿಯರೆಟಿಕಲ್ ಮಿನಿಮಮ್' ಸರಣಿಯ ಕ್ವಾಂಟಮ್ ಭಾಗವನ್ನು ಪೆನ್ನು, ಹಾಳೆ ಹಿಡಿದು ಶುರು ಮಾಡಲಿ.