ಅದು ಫ್ರಿಜ್ಜಿಗೆ ಅಂಟುತ್ತದೆಯೇ?

ಏನು ಕೆಲಸ ಮಾಡುತ್ತೀರಿ ಎಂದು ಕೇಳಿದವರಿಗೆ ‘ಒಂದೇ ಪದರದ ಅಯಸ್ಕಾಂತಗಳ ಮೇಲೆ’ ಎಂದರೆ ಸಾಕು, ಮರುಪ್ರಶ್ನೆ ಸಿದ್ಧವಿರುತ್ತದೆ: ಅದು ಫ್ರಿಜ್ಜಿಗೆ ಅಂಟುತ್ತದೆಯೇ? ಮದುವೆಯೂಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಮನೆಯ ಮಾಲೀಕರು ಬಾಡಿಗೆ ಎಣಿಸುತ್ತಲೇ ಕೇಳಿದ್ದಾರೆ.

ಅಂಟುತ್ತದೆ, ಆದರೆ ಕಾಂತಶಕ್ತಿಯಿಂದಲ್ಲ. ಒಂದು ನ್ಯಾನೋಮೀಟರಿಗಿಂತ ತೆಳುವಾದ ಚೂರು ಗಾಜಿಗೂ ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತದೆ. ಅಷ್ಟು ಹಗುರವಾದದ್ದನ್ನು ಹಿಡಿದಿಡಲು ಅಣುಗಳ ನಡುವಿನ ಸಣ್ಣ ಸೆಳೆತವೇ ಧಾರಾಳ. ಕಾಂತಗುಣ ಕಾಣಬೇಕಾದರೆ ಅದನ್ನು ಸುಮಾರು −228 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಕ್ಕೆ ತಣಿಸಬೇಕು. ಅದರ ಪಾಲಿಗೆ ನಿಮ್ಮ ಫ್ರಿಜ್ಜು ಉರಿಯುವ ಒಲೆ.

ನಾನು ಹೇಳುತ್ತಿರುವುದು ಕ್ರೋಮಿಯಂ ಟ್ರೈಅಯೋಡೈಡ್ ಎಂಬ ಹರಳಿನ ಮಾತು. ಇದರ ಒಂಟಿ ಪದರವೂ 45 ಕೆಲ್ವಿನ್‌ವರೆಗೆ, ಅಂದರೆ ಮೇಲೆ ಹೇಳಿದ −228 ಡಿಗ್ರಿಯವರೆಗೆ, ಅಯಸ್ಕಾಂತವಾಗಿಯೇ ಇರುತ್ತದೆ ಎಂದು 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಎಂಐಟಿಯ ಸಂಶೋಧಕರು ತೋರಿಸಿದರು. ಇಡೀ ಹರಳಿಗೆ ಆ ಮಿತಿ 61 ಕೆಲ್ವಿನ್.

ಜನ ಕೇಳದ, ನನ್ನನ್ನು ಕಾಡುವ ಪ್ರಶ್ನೆ ಬೇರೆ: ಅಷ್ಟು ತೆಳುವಾದದ್ದು ಅಯಸ್ಕಾಂತವಾಗಿ ಉಳಿಯುವುದಾದರೂ ಹೇಗೆ? ಗಾಳಿ ಬೀಸಿದಾಗ ಭತ್ತದ ಗದ್ದೆಯ ಮೇಲೆ ಓಡುವ ಅಲೆಯನ್ನು ನೆನೆಸಿಕೊಳ್ಳಿ. ಪ್ರತಿ ಪೈರೂ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟೇ ವಾಲಿರುತ್ತದೆ, ಆದರೆ ಗದ್ದೆಯ ಆ ತುದಿಗೆ ಹೋಗುವಷ್ಟರಲ್ಲಿ ದಿಕ್ಕೇ ಬದಲಾಗಿರುತ್ತದೆ. ಪರಮಾಣುಗಳೊಳಗಿನ ಪುಟ್ಟ ಅಯಸ್ಕಾಂತಗಳಂತಿರುವ ಸ್ಪಿನ್‌ಗಳು ಒಂದೇ ಕಡೆ ಮುಖ ಮಾಡಿದರೆ ಇಡೀ ಹಾಳೆ ಅಯಸ್ಕಾಂತ. ಆ ಸ್ಪಿನ್‌ಗಳಲ್ಲೂ ಇಂಥ ಅಲೆಗಳು ಏಳುತ್ತವೆ. ಅಲೆ ಉದ್ದವಾದಷ್ಟೂ ಅದನ್ನು ಎಬ್ಬಿಸುವ ಖರ್ಚು ಕಡಿಮೆ. ಸ್ಪಿನ್‌ಗಳು ಯಾವ ದಿಕ್ಕಿಗಾದರೂ ತಿರುಗಬಲ್ಲವಾದರೆ, ಎರಡು ಆಯಾಮದ ಹಾಳೆಯಲ್ಲಿ ಎಳ್ಳಷ್ಟು ಶಾಖವಿದ್ದರೂ ಅವು ಒಟ್ಟಾಗಿ ಒಂದೇ ಕಡೆ ಮುಖ ಮಾಡಿ ನಿಲ್ಲಲಾರವು. ಇದನ್ನು ಭೌತವಿಜ್ಞಾನಿಗಳಾದ ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲೇ ಗಣಿತದಿಂದ ಸಾಧಿಸಿದ್ದರು.

ಕ್ರೋಮಿಯಂ ಟ್ರೈಅಯೋಡೈಡಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟಿದಂತೆ, ಹಾಳೆಗೆ ಲಂಬವಾಗಿ ಮೇಲಕ್ಕೋ ಕೆಳಕ್ಕೋ ನಿಲ್ಲುವುದೇ ಸ್ಪಿನ್‌ಗಳಿಗೆ ಸಲೀಸು. ಕೋಲು ಕಟ್ಟುವ ಕೆಲಸ ಹೆಚ್ಚಾಗಿ ಭಾರವಾದ ಅಯೋಡಿನ್ನಿನದು. ವಾಲಬೇಕಾದರೆ ಈಗ ಖರ್ಚಿದೆ. ಅಲೆ ಸುಲಭಕ್ಕೆ ಏಳುವುದಿಲ್ಲ.

ಪದರ ತೆಗೆಯುವ ವಿಧಾನ ಕೇಳಿದರೆ ನಗುತ್ತೀರಿ: ಅಂಟುಟೇಪು. ಹರಳಿಗೆ ಟೇಪು ಒತ್ತಿ ಕೀಳುವುದು, ಮಡಚಿ ಮತ್ತೆ ಕೀಳುವುದು, ಕೊನೆಗೆ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತುವುದು. ಇದೆಲ್ಲವೂ ಹೊರಗಿನ ಗಾಳಿ ಸೋಕದ ಮುಚ್ಚಿದ ಪೆಟ್ಟಿಗೆಯಾದ ಗ್ಲೋವ್ ಬಾಕ್ಸಿನೊಳಗೆ, ದಪ್ಪ ರಬ್ಬರ್ ಕೈಗವಸು ತೊಟ್ಟು. ಮೂಗು ತುರಿಸಿದರೆ ತಡೆದುಕೊಳ್ಳಬೇಕು. ಒಮ್ಮೆ ಅವಸರದಲ್ಲಿ ಒಂದು ಬಿಲ್ಲೆಯನ್ನು ಮುಚ್ಚದೆ ಹೊರಗೆ ತಂದೆ. ಸೂಕ್ಷ್ಮದರ್ಶಕದ ಕೆಳಗೆ, ನೋಡನೋಡುತ್ತಲೇ, ನನ್ನ ಚೂರು ಗಾಳಿಯ ತೇವಕ್ಕೆ ಕರಗಿ ಹನಿಹನಿಯಾಯಿತು. ಒಂದು ವಾರದ ದುಡಿಮೆ.

ಉಪಯೋಗವೇನು ಎಂಬುದು ಎರಡನೆಯ ಪ್ರಶ್ನೆ. ಮಾಹಿತಿ ಸಂಗ್ರಹಿಸುವ ಸಾಧನಗಳು ಎನ್ನುತ್ತೇನೆ. ನಿಜ, ಆದರೆ ನಾನು ಇಲ್ಲಿರುವುದು ಅದಕ್ಕಲ್ಲ. ಇಂಥ ಒಂದು ಪದರ ಅಯಸ್ಕಾಂತ. ಅದರ ಮೇಲೆ ಇನ್ನೊಂದಿದ್ದರೆ ಎರಡೂ ಒಂದಕ್ಕೊಂದು ಎದುರುಮುಖ ಹಾಕಿಕೊಂಡು ಹೊರಗಿನವರಿಗೆ ಸೊನ್ನೆಯಾಗುತ್ತವೆ. ಮೂರನೆಯದು ಬಂದರೆ ಮತ್ತೆ ಅಯಸ್ಕಾಂತ. ಎರಡು ಪದರಗಳ ಈ ಮುನಿಸನ್ನು ಸುಮಾರು 0.65 ಟೆಸ್ಲಾ ಕಾಂತಕ್ಷೇತ್ರ ಬಿಡಿಸುತ್ತದೆ. ಚೂರಿನಿಂದ ಮರಳಿ ಬರುವ ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆ ಕಂಪಿಸುವ ದಿಕ್ಕು, ಆ ಕ್ಷಣ ಸ್ವಲ್ಪವೇ ಹೊರಳುತ್ತದೆ, ಅಷ್ಟು ಹೊತ್ತು ಮಲಗಿದ್ದ ಅಳತೆಯ ಗೆರೆ ಪರದೆಯ ಮೇಲೆ ದಿಢೀರನೆ ಎದ್ದು ನಿಲ್ಲುತ್ತದೆ.