ಮಾರ್ಚ್ ತಿಂಗಳ ಸೀನು

ನಮ್ಮ ಅಮ್ಮನ ಲೆಕ್ಕದಲ್ಲಿ ಒಂಟಿ ಸೀನು ಅಪಶಕುನ. ಹೊರಡುವ ಹೊತ್ತಿಗೆ ಯಾರಾದರೂ ಒಮ್ಮೆ ಸೀನಿದರೆ ಮತ್ತೆ ಒಳಗೆ ಬಂದು ಕುಳಿತು, ಒಂದು ಲೋಟ ನೀರು ಕುಡಿದು ಹೊರಡಬೇಕು. ಎರಡನೆಯದೂ ಬಂತೆಂದರೆ ದೋಷವಿಲ್ಲ. ಈ ಲೆಕ್ಕದ ಪ್ರಕಾರ ನಾನು ಮಹಾ ಶುಭಲಕ್ಷಣದವಳು. ಫೆಬ್ರುವರಿ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ನನಗೆ ಒಂಟಿ ಸೀನು ಬಂದದ್ದೇ ಇಲ್ಲ. ಬಂದರೆ ಹನ್ನೆರಡು, ಹದಿನಾಲ್ಕು. ಅದರ ಬೆನ್ನಿಗೇ ಕಣ್ಣಿನ ತುರಿಕೆ, ಅಂಗುಳಿನ ತುರಿಕೆ, ನಲ್ಲಿ ಬಿಟ್ಟಂತೆ ಸುರಿಯುವ ಮೂಗು, ರಾತ್ರಿಯಾದರೆ ಎರಡೂ ಹೊಳ್ಳೆಗಳು ಕಟ್ಟಿಕೊಂಡು ಬಾಯಲ್ಲಿ ಉಸಿರಾಡುತ್ತ ಬೆಳಗು ಮಾಡುವ ಸಂಕಟ.

ದಕ್ಷಿಣ ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಈ ಕಾಲ ಬರುವುದು ಪರೀಕ್ಷೆಗಳ ಜೊತೆಗೇ. ಮೂರು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕೊಠಡಿ ಮೇಲ್ವಿಚಾರಣೆಗೆ ನಿಂತಿದ್ದೆ. ಶಾಲೆಯ ಮುಂದಿನ ರಸ್ತೆಯಲ್ಲಿ ನಾಲ್ಕು ಗುಲಾಬಿ ಟಬೆಬುಯಾ ಮರಗಳಿವೆ; ಆ ವಾರ ಅವುಗಳಲ್ಲಿ ಎಲೆಗಿಂತ ಹೂವೇ ಹೆಚ್ಚಾಗಿತ್ತು. ನನ್ನ ಪಾಡಿಗೆಲ್ಲ ಆ ಹೂವುಗಳೇ ಕಾರಣವೆಂದು ಬಲವಾಗಿ ನಂಬಿದ್ದ ನಾನು ರಸ್ತೆಯ ಕಡೆಯ ಕಿಟಕಿಗಳನ್ನು ಒಂದೂ ಬಿಡದೆ ಮುಚ್ಚಿಸಿ, ಮಕ್ಕಳಿಗೆ ಸೆಕೆಯಾಗಬಾರದೆಂದು ಆಟದ ಮೈದಾನದ ಕಡೆಯ ಕಿಟಕಿಗಳನ್ನು ತೆರೆಸಿದ್ದೆ. ಅರ್ಧ ಗಂಟೆಯೊಳಗೆ ಅಂಗುಳು ತುರಿಸತೊಡಗಿತು. ಮೂಗಿನ ಕೆಳಗೆ ಬೆರಳನ್ನು ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೆಲವು ಕ್ಷಣ ತಡೆದೆ. ಆಮೇಲೆ ಹನ್ನೊಂದು ಸೀನು, ಒಂದರ ಹಿಂದೊಂದು. ನಾಲ್ಕನೆಯದಕ್ಕೆ ಹಿಂದಿನ ಬೆಂಚಿನ ಹುಡುಗರು ನಗು ತಡೆದುಕೊಂಡರು, ಏಳನೆಯದಕ್ಕೆ ನಗು ನಿಂತಿತು. ಹಾಜರಿ ಪತ್ರದ ಮೇಲೆ ಕಣ್ಣೀರಿನ ಹನಿ ಬಿದ್ದು ನಾನು ಆಗಷ್ಟೇ ಮಾಡಿದ್ದ ಸಹಿಯ ಶಾಯಿ ಹರಡಿಕೊಂಡಿತು. ಮೊದಲ ಸಾಲಿನ ಹುಡುಗಿಯೊಬ್ಬಳು ತನ್ನ ನೀರಿನ ಬಾಟಲಿಯನ್ನು ಮೇಜಿನಂಚಿಗೆ ಸರಿಸಿ, "ಮಿಸ್, ಕುಡೀರಿ ಮಿಸ್" ಎಂದು ಪಿಸುಗುಟ್ಟಿದಳು. ಪರೀಕ್ಷೆಯಲ್ಲಿ ಮಾತನಾಡಬಾರದೆಂದು ಅವಳನ್ನು ಗದರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅದಾದ ಮೇಲೆ ಅಲರ್ಜಿ ತಜ್ಞರೊಬ್ಬರ ಬಳಿಗೆ ಹೋದೆ. ಚರ್ಮದ ಪರೀಕ್ಷೆಗೆ ಮೊದಲು ಒಂದು ವಾರ ಅಲರ್ಜಿ ಮಾತ್ರೆಯನ್ನು ಬಿಟ್ಟಿರಬೇಕೆಂದರು, ಏಕೆಂದರೆ ಮಾತ್ರೆಯ ಪ್ರಭಾವ ಉಳಿದಿದ್ದರೆ ಚರ್ಮ ಸುಳ್ಳು ಹೇಳುತ್ತದೆ. ಆ ವಾರವನ್ನು ಹೇಗೆ ಕಳೆದೆನೆಂಬುದನ್ನು ಬರೆಯದಿರುವುದೇ ಮೇಲು. ಪರೀಕ್ಷೆಯ ದಿನ ಮುಂಗೈಯ ಒಳಭಾಗದ ಮೇಲೆ ಪೆನ್ನಿನಿಂದ ಸಾಲಾಗಿ ಅಂಕಿ ಬರೆದು, ಪ್ರತಿ ಅಂಕಿಯ ಪಕ್ಕದಲ್ಲಿ ಒಂದೊಂದು ಹನಿ ದ್ರಾವಣ ಇಟ್ಟು, ಹನಿಯ ಮೂಲಕ ಚರ್ಮವನ್ನು ಸೂಜಿಮೊನೆಯಿಂದ ತುಸುವೇ ಚುಚ್ಚಿದರು. ರಕ್ತ ಬರುವುದಿಲ್ಲ, ಇರುವೆ ಕಚ್ಚಿದಷ್ಟು ನೋವು. ಕೈ ಚಾಚಿ 15ರಿಂದ 20 ನಿಮಿಷ ಕುಳಿತಿರಬೇಕು, ತುರಿಸಿದರೂ ಮುಟ್ಟುವಂತಿಲ್ಲ. ನೋಡುತ್ತಿದ್ದಂತೆ ಕೆಲವು ಅಂಕಿಗಳ ಪಕ್ಕದಲ್ಲಿ ಸೊಳ್ಳೆ ಕಚ್ಚಿದಂತೆ ದದ್ದು ಎದ್ದಿತು, ಉಳಿದ ಕಡೆ ಚರ್ಮ ಸುಮ್ಮನಿತ್ತು. 3 ಮಿಲಿಮೀಟರಿಗಿಂತ ದೊಡ್ಡ ದದ್ದು ಎದ್ದರೆ ಆ ವಸ್ತು ದೇಹಕ್ಕೆ ಒಗ್ಗುತ್ತಿಲ್ಲವೆಂದು ಲೆಕ್ಕ. ನನ್ನ ಕೈಯ ಮೇಲೆ ಎದ್ದವು ನಾಲ್ಕು: ಮನೆಯ ದೂಳಿನ ನುಸಿ, ಕಾಂಗ್ರೆಸ್ ಹುಲ್ಲು, ಗರಿಕೆ, ಮತ್ತು ಎಲ್ಲಕ್ಕಿಂತ ದೊಡ್ಡದಾಗಿ, ಹೆಚ್ಚುಕಡಿಮೆ ಎಂಟಾಣೆಯಷ್ಟು ಅಗಲಕ್ಕೆ, ಸರ್ವೆ ಮರದ ಪರಾಗ.

ನಮ್ಮ ಶಾಲೆಯ ಮೈದಾನದ ಹಿಂದಿನ ಗೋಡೆಯುದ್ದಕ್ಕೂ ಇರುವುದು ಸರ್ವೆ ಮರಗಳ ಸಾಲು. ನಾನು ಅಷ್ಟು ಮುತುವರ್ಜಿಯಿಂದ ತೆರೆಸಿಟ್ಟಿದ್ದ ಕಿಟಕಿಗಳು ಅದರ ಕಡೆಗಿದ್ದವು.

ಟಬೆಬುಯಾದ ಬಗ್ಗೆ ಕೇಳಿದಾಗ ವೈದ್ಯರು ನಕ್ಕುಬಿಟ್ಟರು. ಕಣ್ಣಿಗೆ ಹಬ್ಬವಾಗುವಂತೆ ಅರಳುವ ಹೂವುಗಳು ಬಣ್ಣವನ್ನೂ ಮಕರಂದವನ್ನೂ ಇಟ್ಟುಕೊಂಡಿರುವುದು ದುಂಬಿ, ಜೇನುನೊಣಗಳನ್ನು ಕರೆಯುವುದಕ್ಕೆ. ಅವುಗಳ ಪರಾಗ ಜಿಗುಟಾಗಿ, ಭಾರವಾಗಿ ಇರುತ್ತದೆ. ಕೀಟದ ಮೈಗೆ ಅಂಟಿಕೊಂಡು ಹೋಗುತ್ತದೆಯೇ ಹೊರತು ಗಾಳಿಯಲ್ಲಿ ಬಹುದೂರ ತೇಲುವುದು ಕಡಿಮೆ. ಗಾಳಿಯನ್ನೇ ನಂಬಿದ ಗಿಡಮರಗಳಿಗೆ ಈ ಅಲಂಕಾರ ಬೇಕಿಲ್ಲ. ಅವು ಯಾರ ಕಣ್ಣಿಗೂ ಬೀಳದಂತೆ ಹೂಬಿಟ್ಟು, ಒಣಗಿದ ಹಗುರ ಪರಾಗವನ್ನು ಲೆಕ್ಕವಿಲ್ಲದಷ್ಟು ತೂರುತ್ತವೆ, ಏಕೆಂದರೆ ಅದರಲ್ಲಿ ಬಹುಪಾಲು ವ್ಯರ್ಥವಾಗುವುದು ಖಚಿತ. ಆ ವ್ಯರ್ಥದ ಪಾಲಿನಲ್ಲಿ ನನ್ನ ಮೂಗೂ ಸೇರಿದೆ. ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಕಾಲದಿಂದ ಈ ಊರಿನ ರಸ್ತೆಗಳಿಗೆ ವರ್ಷವಿಡೀ ಒಂದಾದ ಮೇಲೊಂದು ಮರ ಹೂಬಿಡುವ ಹಾಗೆ ಯೋಜನೆ ಹಾಕಿದವರ ಮೇಲೆ ನಾನು ವರ್ಷಗಟ್ಟಲೆ ಮನಸ್ಸಿನಲ್ಲೇ ಹೊರಿಸಿದ್ದ ಅಪವಾದವನ್ನು ಅಂದೇ ಹಿಂದಕ್ಕೆ ಪಡೆದೆ.

ಮರುದಿನ ಮೈದಾನದ ಅಂಚಿಗೆ ಹೋಗಿ, ಬಾಯಿಮೂಗಿಗೆ ದುಪಟ್ಟಾ ಸುತ್ತಿಕೊಂಡು, ಸರ್ವೆ ಮರವನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದೆ. ನಾವು ಎಲೆ ಎಂದುಕೊಳ್ಳುವ ಸೂಜಿಗಳು ಎಲೆಗಳಲ್ಲ, ಗೆಣ್ಣುಗೆಣ್ಣಾದ ಹಸಿರು ಕಿರುರೆಂಬೆಗಳು. ಅವುಗಳ ತುದಿಯಲ್ಲಿ ಕಂದು ಬಣ್ಣದ, ತುಕ್ಕು ಹಿಡಿದ ಕಡ್ಡಿಯಂಥದೊಂದು ಇರುತ್ತದೆ. ಅದೇ ಗಂಡು ಹೂವಿನ ಗೊಂಚಲು, ದಳವೆಂಬುದಿಲ್ಲ. ರೆಂಬೆಯನ್ನು ಬೆರಳಿನಿಂದ ತಟ್ಟಿದರೆ ಬಿಸಿಲಿನಲ್ಲಿ ತೆಳು ಹಳದಿ ಹೊಗೆಯಂತೆ ಏನೋ ಹಾರಿತು. ಗಾಳಿ ತಡೆಯಲೆಂದು, ಸೌದೆಗೆಂದು, ಕಟ್ಟಡಗಳಿಗೆ ಸಾರುವೆ ಕಟ್ಟುವ ಗಳಕ್ಕೆಂದು ನಾವೇ ಬೆಳೆಸಿದ ಮರ ಇದು. 1860ರ ದಶಕದಲ್ಲಿ ಕಾರವಾರದ ಕಡಲತೀರದಲ್ಲಿ ನೆಟ್ಟದ್ದರಿಂದ ನಮ್ಮ ನಾಡಿನಲ್ಲಿ ಇದರ ತೋಪುಗಳು ಹಬ್ಬಿದವು.

ಗರಿಕೆಯ ದದ್ದನ್ನು ಅಮ್ಮ ಇಂದಿಗೂ ಒಪ್ಪಿಲ್ಲ. ಗಣಪತಿಗೆ ಏರಿಸುವ ಗರಿಕೆ ಯಾರಿಗಾದರೂ ಆಗದೆ ಇರುತ್ತದೆಯೇ ಎಂಬುದು ಅವರ ವಾದ. ಕಾಂಗ್ರೆಸ್ ಹುಲ್ಲಿನ ವಿಷಯದಲ್ಲಿ ಮಾತ್ರ ಮನೆಯಲ್ಲಿ ಒಮ್ಮತವಿದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿದ ಈ ಕಳೆಯನ್ನು ತಿನ್ನಿಸುವುದಕ್ಕೆಂದೇ 1980ರ ದಶಕದಲ್ಲಿ ಮೆಕ್ಸಿಕೋದಿಂದ ದುಂಬಿಯೊಂದನ್ನು ತರಿಸಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ದುಂಬಿ ತಿನ್ನುತ್ತಲೇ ಇದೆ, ಕಳೆಯೂ ಖಾಲಿ ನಿವೇಶನ ಕಂಡಲ್ಲೆಲ್ಲ ಬೆಳೆಯುತ್ತಲೇ ಇದೆ. ಅದರ ಅಬ್ಬರ ಮಳೆಗಾಲದ ನಂತರ ಹೆಚ್ಚು. ಆದರೂ ಚರಂಡಿಯ ತೇವವಿರುವ ಕಡೆ ಬೇಸಿಗೆಯಲ್ಲಿಯೂ ಬಿಳಿ ಹೂ ತಪ್ಪುವುದಿಲ್ಲ.

ಕಾಲಕ್ಕೆ ಸರಿಯಾಗಿ ಬರುವ ಈ ಮೂಗಿನ ಅಲರ್ಜಿಯನ್ನು ಮೊದಲು ಕ್ರಮವಾಗಿ ವಿವರಿಸಿದವನು ಜಾನ್ ಬಾಸ್ಟಾಕ್ ಎಂಬ ಇಂಗ್ಲಿಷ್ ವೈದ್ಯ. 1819ರಲ್ಲಿ ಲಂಡನ್ನಿನ ವೈದ್ಯರ ಸಭೆಯ ಮುಂದೆ ಅವನು ಓದಿದ್ದು ತನ್ನದೇ ಕಣ್ಣುಮೂಗಿನ ಕಥೆಯನ್ನು. ಪರಾಗವೇ ಕಾರಣವೆಂದು ತೋರಿಸಿದ ಚಾರ್ಲ್ಸ್ ಬ್ಲಾಕ್ಲಿ ಕೂಡ ಇದೇ ಕಾಯಿಲೆಯ ರೋಗಿ. ಅಂಟು ಸವರಿದ ಗಾಜಿನ ತುಂಡನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಎತ್ತರದ ಗಾಳಿಯಲ್ಲಿಯೂ ಪರಾಗವಿರುವುದನ್ನು ಕಂಡುಕೊಂಡ ಅವನು, 1873ರಲ್ಲಿ ತನ್ನ ಪ್ರಯೋಗಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಮುಖ್ಯ ಶಿಕ್ಷಕರು ನನ್ನ ಮೇಲಿನ ಕನಿಕರದಿಂದ ಸರ್ವೆ ಮರಗಳನ್ನು ಕಡಿಸೋಣವೇ ಎಂದು ಕೇಳಿದಾಗ ನಾನು ಬೇಡವೆಂದದ್ದು ಈ ಗಾಳಿಪಟದ ಕಾರಣಕ್ಕೆ. ನಮ್ಮ ಸಾಲನ್ನು ಕಡಿದರೆ ಮೈದಾನದ ನೆರಳು ಹೋದೀತೇ ಹೊರತು ಪಕ್ಕದ ಬಡಾವಣೆಯ ಪರಾಗ ನಿಲ್ಲುವುದಿಲ್ಲ.

ಇನ್ನು ಉಪಾಯಗಳು. ಅಮ್ಮನ ಓಮದ ಹಬೆ, ಮೆಣಸಿನ ಕಷಾಯ ಗಂಟಲಿಗೆ ಹಿತವೇ. ಸೀನಿಗೆ ಅವುಗಳಿಂದ ಏನೂ ಆಗಲಿಲ್ಲ. ಹಳೆಯ ತಲೆಮಾರಿನ ಅಲರ್ಜಿ ಮಾತ್ರೆ ಸೀನನ್ನು ನಿಲ್ಲಿಸುತ್ತಿತ್ತು, ಜೊತೆಗೆ ನನ್ನನ್ನೂ. ಮಧ್ಯಾಹ್ನದ ತರಗತಿಯಲ್ಲಿ ಒಂದನೆಯ ಮಹಾಯುದ್ಧದ ಕಾರಣಗಳನ್ನು ಹೇಳುತ್ತ ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತಿತ್ತು. ನಾನು ಮಾಡಿದ ದೊಡ್ಡ ತಪ್ಪೆಂದರೆ ಔಷಧದಂಗಡಿಯಲ್ಲಿ ಕೇಳಿ ತಂದ, ಕಟ್ಟಿದ ಮೂಗನ್ನು ಎರಡೇ ನಿಮಿಷಕ್ಕೆ ಬಿಡಿಸುವ ಹನಿಗಳನ್ನು ಒಂದೂವರೆ ತಿಂಗಳು ಬಿಡದೆ ಹಾಕಿಕೊಂಡದ್ದು. ಅವನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಬಳಸಿದರೆ ಹನಿಯ ಪ್ರಭಾವ ಇಳಿದ ಕೂಡಲೇ ಮೂಗಿನೊಳಗಿನ ಪೊರೆ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತದೆ. ಅದನ್ನು ಇಳಿಸಲು ಮತ್ತೆ ಹನಿ ಬೇಕಾಗುತ್ತದೆ. ಆ ಚಟದಿಂದ ಬಿಡಿಸಿಕೊಳ್ಳಲು ಮೂರು ವಾರ ಹಿಡಿಯಿತು.

ಈಗ ನನ್ನನ್ನು ಕಾಪಾಡುತ್ತಿರುವುದು ವೈದ್ಯರು ಬರೆದುಕೊಟ್ಟ ಸ್ಟಿರಾಯ್ಡ್ ಸ್ಪ್ರೇ. ಇದರ ಗುಣ ತದ್ವಿರುದ್ಧ: ಹೊಡೆದ ಕೂಡಲೇ ಏನೂ ಆಗದು, ಪೂರ್ತಿ ಫಲ ಕಾಣಲು ಹಲವು ದಿನ ಬೇಕು. ಆದ್ದರಿಂದ ಸೀನು ಶುರುವಾದ ಮೇಲೆ ಅಲ್ಲ, ಅದಕ್ಕೆ ಎರಡು ವಾರ ಮೊದಲೇ, ಅಂದರೆ ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದು ಎರಡು ವಾರಕ್ಕೆ ಆರಂಭಿಸುತ್ತೇನೆ. ಹೊಡೆಯುವ ಕ್ರಮವನ್ನೂ ಕಲಿಯಬೇಕಾಯಿತು. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದಲೂ ಎಡ ಹೊಳ್ಳೆಗೆ ಬಲಗೈಯಿಂದಲೂ, ಮೊನೆಯನ್ನು ಕಿವಿಯ ದಿಕ್ಕಿಗೆ ತಿರುಗಿಸಿ ಒತ್ತಬೇಕು. ನೇರವಾಗಿ ನಡುವಿನ ಗೋಡೆಗೆ ಬಿದ್ದರೆ ಅಲ್ಲಿ ಒಣಗಿ ರಕ್ತ ಬರುತ್ತದೆ, ನನಗೆ ಬಂದಿತ್ತು. ಸಂಜೆ ಮನೆಗೆ ಬಂದ ಮೇಲೆ ಕುದಿಸಿ ಆರಿಸಿದ ಒಂದು ಬಟ್ಟಲು ನೀರಿಗೆ ಕಾಲು ಚಮಚ ಉಪ್ಪು ಬೆರೆಸಿ ಮೂಗು ತೊಳೆದುಕೊಳ್ಳುತ್ತೇನೆ. ಕುದಿಸದ ನಲ್ಲಿ ನೀರನ್ನು ಇದಕ್ಕೆ ಬಳಸಲೇಬಾರದು. ಮಾರ್ಚ್ ಮುಗಿಯುವವರೆಗೆ ಬಟ್ಟೆಯನ್ನು ತಾರಸಿಯಲ್ಲಿ ಒಣಹಾಕುವುದಿಲ್ಲ, ಸ್ಕೂಟರ್ ಮೇಲೆ ಹೋಗುವಾಗ ಹೆಲ್ಮೆಟ್ಟಿನ ಗಾಜನ್ನು ಎತ್ತುವುದಿಲ್ಲ, ತಲೆಗೆ ಸ್ನಾನ ಮಾಡುವುದನ್ನು ಬೆಳಗಿನಿಂದ ರಾತ್ರಿಗೆ ವರ್ಗಾಯಿಸಿದ್ದೇನೆ, ಕೂದಲಿನಲ್ಲಿ ಸಿಕ್ಕಿಕೊಂಡದ್ದು ದಿಂಬಿಗೆ ಇಳಿಯಬಾರದೆಂದು. ಎದೆಯಲ್ಲಿ ಸುಯ್ ಎಂಬ ಸದ್ದು ಕೇಳಿದರೆ ಮಾತ್ರ ಯಾವ ಉಪಾಯಕ್ಕೂ ಕಾಯದೆ ವೈದ್ಯರ ಬಳಿಗೆ ಓಡಬೇಕೆಂಬ ಕಟ್ಟಪ್ಪಣೆಯಿದೆ. ಮೂಗಿನ ಅಲರ್ಜಿಯೂ ಅಸ್ತಮಾವೂ ಒಂದೇ ಉಸಿರುದಾರಿಯ ಎರಡು ತುದಿಗಳು.

ಒಗ್ಗದ ಪರಾಗವನ್ನೇ ಸ್ವಲ್ಪ ಸ್ವಲ್ಪವಾಗಿ ಚುಚ್ಚಿ ದೇಹಕ್ಕೆ ರೂಢಿಮಾಡಿಸುವ ಚಿಕಿತ್ಸೆಯೂ ಉಂಟು. ಮೂರರಿಂದ ಐದು ವರ್ಷ ಬಿಡದೆ ಮಾಡಿಸಬೇಕು. ಖರ್ಚಿಗಿಂತ ಆ ನಿಯಮಪಾಲನೆಗೆ ಹೆದರಿ ಇನ್ನೂ ಮನಸ್ಸು ಮಾಡಿಲ್ಲ.

ಈ ವರ್ಷದ ಪೂರ್ವಸಿದ್ಧತಾ ಪರೀಕ್ಷೆಗೆ ಮತ್ತೆ ಅದೇ ಕೊಠಡಿ ಬಂತು. ಮೈದಾನದ ಕಡೆಯ ಕಿಟಕಿಗಳನ್ನು ಮುಚ್ಚಿಸಿ ರಸ್ತೆಯ ಕಡೆಯವನ್ನು ತೆರೆಸಿದೆ. ಗಣಿತದ ಪತ್ರಿಕೆ ನಡೆಯುತ್ತಿರುವಾಗ ಗುಲಾಬಿ ಹೂವೊಂದು ತಿರುಗುತ್ತ ಬಂದು ಕಿಟಕಿಯ ಕಟ್ಟೆಯ ಮೇಲೆ ಬಿತ್ತು. ಮೂರು ಗಂಟೆಯಲ್ಲಿ ನಾನು ಸೀನಿದ್ದು ಎರಡೇ ಬಾರಿ.