ಮೂಗಿನ ಗೆರೆ ಕೆಳಗಿಳಿಸುವ ಕೆಲಸ: ಎಕ್ಸಾಟಿಕ್ ಲೈನ್‌ನ ಪ್ರಗತಿ ಟಿಪ್ಪಣಿ

ಎಕ್ಸಾಟಿಕ್ ಎಂದರೆ ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮುಖದ, ಗಿಡ್ಡ ಕೂದಲಿನ ಬೆಕ್ಕಿನ ತಳಿ; ಲೈನ್ ಎಂದರೆ ಸಾಕಿ ಬೆಳೆಸಿದ ಒಂದು ವಂಶ. ಗುರಿ: ಅಗಲ ತಲೆ, ದುಂಡು ಕಣ್ಣು, ತುಂಬಿದ ಕೆನ್ನೆ ಹಾಗೇ ಉಳಿಯಬೇಕು. ಮೂಗಿನ ತುದಿಯ ಚರ್ಮದ ಮೇಲಂಚು ಮಾತ್ರ ಕೆಳರೆಪ್ಪೆಯ ಗೆರೆ ದಾಟಬಾರದು. ಬ್ರಿಟನ್ನಿನ ಬೆಕ್ಕು ತಳಿ ನೋಂದಣಿ ಸಂಸ್ಥೆ ಜಿಸಿಸಿಎಫ್‌ನ ಮಾನದಂಡ ಕೇಳುವುದೂ ಇದನ್ನೇ. ಅಂತರರಾಷ್ಟ್ರೀಯ ಬೆಕ್ಕು ಒಕ್ಕೂಟವಾದ ಫೀಫೆಗೆ ಸ್ಟಾಪ್, ಅಂದರೆ ಹಣೆ ಮೂಗು ಸೇರುವ ತಗ್ಗು, ಎರಡು ರೆಪ್ಪೆಗಳ ನಡುವೆ ಎಲ್ಲಾದರೂ ಇದ್ದರೆ ಸಾಕು. ಅಮೆರಿಕದ ಇಂಥದೇ ಸಂಸ್ಥೆ ಸಿಎಫ್‌ಎ ಅದು ಕಣ್ಣುಗಳ ನಟ್ಟನಡುವೆಯೇ ಬರಬೇಕೆನ್ನುತ್ತದೆ. ಹಾಗಾಗಿ ಪೆಡಿಗ್ರಿಯಲ್ಲಿ, ಅಂದರೆ ವಂಶಾವಳಿ ಪತ್ರದಲ್ಲಿ, ಚಾಂಪಿಯನ್ ಎಂದಿದ್ದರೆ ಯಾವ ಸಂಸ್ಥೆಯ ಚಾಂಪಿಯನ್ ಎಂದೂ ನೋಡಬೇಕು. ಮೂಗಿನ ಜಾಗದ ಬಗ್ಗೆ ಆ ಬಿರುದುಗಳು ಒಂದೇ ಮಾತು ಹೇಳುವುದಿಲ್ಲ.

ಜೋಡಿ

ಹೆಣ್ಣು ಶೋ ಲೈನಿನದು, ಅಂದರೆ ಪ್ರದರ್ಶನಕ್ಕೆ ಬೆಳೆಸಿದ ವಂಶದ್ದು: ತಲೆಬುರುಡೆ ಅಗಲ, ಹೊಳ್ಳೆ ತೆರೆದಿವೆ, ಮೂಗಿನ ಮೇಲಂಚು ಪಾಪೆಯ ಮಟ್ಟಕ್ಕೆ ಹತ್ತಿರ. ಗಂಡು ಮಧ್ಯಮ ಮುಖದ್ದು. ಮೂಗು ಕೆಳಗಿದೆ, ಆದರೆ ಕಿವಿ ದೊಡ್ಡದು, ಮೂತಿ ಸ್ವಲ್ಪ ಕಿರಿದು. ಪೂರ್ತಿ ಡಾಲ್‌ಫೇಸ್, ಅಂದರೆ ಮೂಗು ಚಪ್ಪಟೆಯಾಗದ ಹಳೆಯ ಬಗೆಯ ಮುಖದ, ಗಂಡನ್ನು ತರಲಿಲ್ಲ. ಅದರಿಂದ ಮೂಗು ಇಳಿಯುತ್ತದೆ ನಿಜ, ಜೊತೆಗೆ ತಲೆಯ ಅಗಲವೂ ಹೋಗುತ್ತದೆ. ಅದನ್ನು ಮರಳಿ ತರಲು ತಲೆಮಾರುಗಳೇ ಬೇಕು.

ಪರೀಕ್ಷೆಗಳಲ್ಲಿ ಮೊದಲನೆಯದು ಪಿಕೆಡಿ, ಅಂದರೆ ಮೂತ್ರಪಿಂಡದ ನೀರ್ಗುಳ್ಳೆ ರೋಗದ ಜೀನ್ ಪರೀಕ್ಷೆ. ಕೆನ್ನೆಯ ಒಳಗಿನ ಸ್ವಾಬ್ ಸಾಕು. ಈ ಜೀನಿನ ರೂಪಾಂತರ ಪ್ರಬಲವಾದದ್ದು: ಒಂದು ಪ್ರತಿ ಇದ್ದರೂ ಮೂತ್ರಪಿಂಡದಲ್ಲಿ ನೀರ್ಗುಳ್ಳೆ ಬರುತ್ತವೆ, ಎರಡು ಪ್ರತಿ ಬಂದ ಭ್ರೂಣ ಹುಟ್ಟುವ ಮೊದಲೇ ಸಾಯುತ್ತದೆ. ಬೆಕ್ಕುಗಳಲ್ಲಿ ಆ ರೂಪಾಂತರ ಪತ್ತೆಯಾದದ್ದು 2004ರಲ್ಲಿ. ಆಗ ಪರ್ಷಿಯನ್‌ಗಳಲ್ಲಿ ಸುಮಾರು 38 ಶೇಕಡ ಈ ರೋಗದವು ಎಂಬ ಅಂದಾಜಿತ್ತು. ಎಕ್ಸಾಟಿಕ್ ಲೈನುಗಳಲ್ಲಿ ಪರ್ಷಿಯನ್ ರಕ್ತವೇ ಹೆಚ್ಚಾದ್ದರಿಂದ ಇಲ್ಲಿ ವಿನಾಯಿತಿ ಇಲ್ಲ. ಎರಡನೆಯದು ಪಿಆರ್‌ಎ, ಕಣ್ಣಿನ ರೆಟಿನಾ ಕ್ರಮೇಣ ನಶಿಸುವ ರೋಗ. ಇದು ಸುಪ್ತ ಗುಣ. ವಾಹಕ ಬೆಕ್ಕು ನೋಡಲು ಆರೋಗ್ಯವಾಗಿರುತ್ತದೆ, ಇಬ್ಬರು ವಾಹಕರ ಮರಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದಕ್ಕೆ ಕೆಲವೇ ತಿಂಗಳಲ್ಲಿ ಕಣ್ಣು ಹೋಗುತ್ತದೆ. ರಕ್ತದ ಗುಂಪನ್ನೂ ನೋಡಬೇಕು. ಹೆಣ್ಣು ಬಿ, ಗಂಡು ಎ ಆದರೆ ಎ ಗುಂಪಿನ ಮರಿಗಳಿಗೆ ತಾಯಿಯ ಮೊದಲ ಹಾಲೇ ವಿಷ. ಅಂಥ ಜೋಡಿ ಮಾಡದಿರುವುದು ಸುಲಭದ ದಾರಿ. ಹೃದಯಕ್ಕೆ ಎಕೋ, ಅಂದರೆ ಅಲ್ಟ್ರಾಸೌಂಡ್ ತಪಾಸಣೆ.

ಇವೆಲ್ಲ ಕಾಗದದ ಮೇಲೆ ಪಾಸು ಫೇಲು ಬರುವಂಥವು. ಮುಖದ ಆಕಾರಕ್ಕೆ ಅಂಥ ಸ್ವಾಬ್ ಇಲ್ಲ, ಅಳೆಯಲೇಬೇಕು.

ಅಳೆಯುವ ಬಗೆ

ಕ್ಯಾಮೆರಾ ಬೆಕ್ಕಿನ ಕಣ್ಣಿನ ಮಟ್ಟದಲ್ಲಿರಲಿ, ಮುಖ ನೇರ. ಚಿತ್ರದಲ್ಲಿ ಎರಡೂ ಕೆಳರೆಪ್ಪೆಗಳ ಅಂಚಿಗೆ ತಾಗಿದಂತೆ ಅಡ್ಡಗೆರೆ ಎಳೆದು, ಮೂಗಿನ ಮೇಲಂಚು ಅದರ ಮೇಲೋ ಕೆಳಗೋ ನೋಡುವುದು. ಗದ್ದ ಮೇಲೆತ್ತಿದ್ದರೆ ಮೂಗು ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ, ತಲೆ ಬಗ್ಗಿಸಿದ್ದರೆ ಕೆಳಗೆ. ಮಾರಾಟದ ಫೋಟೋಗಳಲ್ಲಿ ಬೇಕಾದ ಮುಖ ತೋರಿಸಲು ಇಷ್ಟೇ ಸಾಕು, ಅದಕ್ಕೇ ಬೇರೆಯವರು ಕಳಿಸಿದ ಚಿತ್ರವನ್ನು ಅಳತೆಗೆ ಹಿಡಿಯುವುದಿಲ್ಲ. ಪಕ್ಕದಿಂದ ಇನ್ನೊಂದು ಚಿತ್ರ ಬೇಕು: ಹಣೆ, ಮೂಗು, ಗದ್ದ ಒಂದೇ ನೇರಕ್ಕಿವೆಯೋ, ಮೂಗು ಒಳಕ್ಕೆ ಕುಸಿದಿದೆಯೋ ಅದರಲ್ಲೇ ತಿಳಿಯುವುದು.

ಮೂಗಿನ ಎತ್ತರಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಕಣ್ಣೀರ ನಾಳದ ಕಾರಣಕ್ಕೆ. ಸಾಧಾರಣ ಮುಖದಲ್ಲಿ ಅದು ಕಣ್ಣಿನ ಒಳಮೂಲೆಯಿಂದ ಇಳಿಜಾರಾಗಿ ಮೂಗಿಗೆ ಹೋಗುತ್ತದೆ. ಮುಖ ತೀರ ಮೊಟಕಾದಾಗ ಮೇಲ್ದವಡೆಯ ಕೋರೆಹಲ್ಲು ತಿರುಗಿಕೊಳ್ಳುತ್ತದೆ. ನಾಳ ಕಡಿದಾಗಿ ಕೆಳಗಿಳಿದು, ಹಲ್ಲಿನ ಬುಡದ ಕೆಳಗೆ ನುಸುಳಿ, ಮತ್ತೆ ಮೇಲೇರಬೇಕು. ನೀರು ಹತ್ತುವುದಿಲ್ಲ, ಕೆನ್ನೆಗೆ ಹರಿಯುತ್ತದೆ. ನಾಳ ತೊಳೆಸಿದರೆ ಕಸ ಹೋದೀತು, ಬಾಗು ಹೋಗುವುದಿಲ್ಲ. ನಾಳ ತೆರೆದಿದೆಯೋ ನೋಡಲು ಕಣ್ಣಿಗೆ ಫ್ಲೋರಸೀನ್ ಎಂಬ ಬಣ್ಣದ ಹನಿ ಹಾಕಿದಾಗ ಬಣ್ಣ ಹೊಳ್ಳೆಯಲ್ಲಿ ಕಾಣದಿದ್ದರೆ ಬಾಯಿ, ಗಂಟಲನ್ನೂ ನೋಡಬೇಕು. ಕೆಲವದರಲ್ಲಿ ನೀರು ಹಿಂದಕ್ಕೆ ಇಳಿಯುತ್ತದೆ.

ಹೊಳ್ಳೆ ತೆರೆದಿದೆ ಎಂದ ಮಾತ್ರಕ್ಕೆ ಉಸಿರಾಟ ಸರಿಯಿದೆ ಎನ್ನಲಾಗದು, ಒಳಗಿನ ಸುರುಳಿ ಮೂಳೆಗಳೇ ದಾರಿ ಕಟ್ಟಿರಬಹುದು. ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷ ಎದೆಯ ಏರಿಳಿತ ಎಣಿಸಿ, ಕಿವಿಗೊಟ್ಟು ಕೇಳಿ. 30 ದಾಟಿದರೆ, ಗೊರಕೆ ಇದ್ದರೆ, ಆಟವಾಡಿದ ಮೇಲೆ ಬಾಯಿ ತೆರೆದರೆ ವೈದ್ಯರಿಗೆ ತೋರಿಸುವವರೆಗೆ ಜೋಡಿ ಇಲ್ಲ. ಹೊಳ್ಳೆ ಶಸ್ತ್ರಚಿಕಿತ್ಸೆ ಆದ ಬೆಕ್ಕು ನೆಮ್ಮದಿಯಾಗಿ ಬದುಕಲಿ, ಮರಿ ಹಾಕಿಸುವುದು ಬೇಡ.

ಹೆರಿಗೆ

ದುಂಡು ತಲೆಯ ಮರಿ ದಾರಿಯಲ್ಲಿ ಸಿಕ್ಕಿಬೀಳುವುದುಂಟು. ತಾಯಿ ಜೋರಾಗಿ ತಿಣುಕುತ್ತಾ 20ರಿಂದ 30 ನಿಮಿಷ ಕಳೆದರೂ ಮರಿ ಬಾರದಿದ್ದರೆ ಕಾಯುವುದಲ್ಲ, ಆಸ್ಪತ್ರೆ. ಕೆಳದವಡೆ ಮುಂದಿರುವ ತಾಯಿಗೆ ಚೀಲ ಹರಿಯಲು, ಹೊಕ್ಕುಳ ಬಳ್ಳಿ ಕಡಿಯಲು ಹಲ್ಲು ಕೂಡುವುದಿಲ್ಲ. ಮೊದಲು ಮೂಗು ಬಾಯಿಯ ಮೇಲಿನ ಪೊರೆ ಬಿಡಿಸಿ ಒರೆಸಬೇಕು, ಬಳ್ಳಿಯನ್ನು ಹೊಟ್ಟೆಯಿಂದ 2-3 ಸೆಂ.ಮೀ. ಬಿಟ್ಟು ಶುದ್ಧ ದಾರದಿಂದ ಕಟ್ಟಿ ಕತ್ತರಿಸಬೇಕು. ಟಾರ್ಚ್ ಹಿಡಿದು ಅಂಗುಳ ನೋಡುವುದು ಅದೇ ಹೊತ್ತಿಗೆ. ಸೀಳಿದ್ದರೆ ಹಾಲು ಮೂಗಿನಿಂದ ಬರುತ್ತದೆ, ಶ್ವಾಸಕೋಶಕ್ಕೂ ಹೋಗುತ್ತದೆ.

ಈ ಸೂಲಿನಲ್ಲಿ ಅಂಗುಳಗಳು ಸರಿಯಿದ್ದವು. ಅತಿ ಚಿಕ್ಕ ಮರಿ ಮಾತ್ರ ಹಾಲು ಕುಡಿಯುವಾಗ ಮೊಲೆ ಬಿಟ್ಟು ಉಸಿರೆಳೆದುಕೊಂಡು ಮತ್ತೆ ಹಿಡಿಯುತ್ತಿತ್ತು. ಹೊಳ್ಳೆಗಳು ಸೂಜಿಯಲ್ಲಿ ಗೀರಿದಂತೆ ಸಣ್ಣವು. ದಿನಕ್ಕೆ 10ರಿಂದ 15 ಗ್ರಾಂ ಏರಬೇಕಾದ ತೂಕ ಅದರದ್ದು ನಿಂತಿತು, ಮೇಲು ಹಾಲು ಕೊಟ್ಟ ಮೇಲೆ ಸರಿಹೋಯಿತು. ಅದು ಸಾಕುಮರಿಯಾಗಿ ಮಾತ್ರ ಹೋಗುತ್ತದೆ, ಸಂತಾನಹರಣ ಮಾಡಿಸಿಯೇ.

ಬೆಳವಣಿಗೆ ಮತ್ತು ಈಗಿನ ಸ್ಥಿತಿ

ಮುಖದ ಆಕಾರ ಒಂದೇ ಜೀನಿನ ಕೈಯಲ್ಲಿಲ್ಲ. ಬಹುಪಾಲು ಮರಿಗಳು ತಂದೆತಾಯಿಯ ನಡುವೆ ಬಂದಿವೆ, ಆದರೆ ಒಂದರಂತೆ ಒಂದಿಲ್ಲ. ಕೆಲವು ವಾರಗಳ ಮರಿಯ ಮುಖ ನೋಡಿ ಉಳಿಸುವುದೋ ಬಿಡುವುದೋ ತೀರ್ಮಾನಿಸಬಾರದು. ನಡುವೆ ಮೂಗು ಹೊರಚಾಚಿ, ಮೂತಿ ಸಣ್ಣದಾಗಿ, ಏನೂ ಚೆನ್ನಾಗಿ ಕಾಣದ ಒಂದು ಕಾಲ ಬಂದೇ ಬರುತ್ತದೆ. ಅವಸರಪಟ್ಟವರು ಇಲ್ಲೇ ಒಳ್ಳೆಯ ಮರಿ ಕೊಟ್ಟುಬಿಡುತ್ತಾರೆ, ಅತಿ ಚಪ್ಪಟೆಯದನ್ನು ಉಳಿಸಿಕೊಳ್ಳುತ್ತಾರೆ.

ಉಳಿಸಿಕೊಂಡಿರುವುದು ಕ್ರೀಮ್ ಬಣ್ಣದ ಹೆಣ್ಣು. ಮೂಗಿನ ಮೇಲಂಚು ಸರಿಯಾಗಿ ಕೆಳರೆಪ್ಪೆಯ ಗೆರೆಗೆ ನಿಂತಿದೆ, ಕೆನ್ನೆಗೆ ಕಣ್ಣೀರು ಹರಿಯುತ್ತಿಲ್ಲ, ಹಲ್ಲಿನ ಸಾಲು ಕೂಡುತ್ತದೆ. ಕಿವಿ ತಂದೆಯದೇ, ದೊಡ್ಡದು. ಇದನ್ನು ಮತ್ತೆ ತಂದೆಗೆ ಕೂಡಿಸಿದರೆ ಒಳಸಂತಾನದ ಪ್ರಮಾಣ ಕನಿಷ್ಠ 25 ಶೇಕಡ, ಆದ್ದರಿಂದ ಆ ದಾರಿ ಇಲ್ಲ. ಕಿವಿ ಚಿಕ್ಕದಿರುವ, ಮೂಗು ಇದೇ ಗೆರೆಯಲ್ಲಿರುವ, ಸಂಬಂಧವಿಲ್ಲದ ಗಂಡು ಬೇಕು. 10 ತಿಂಗಳು ತುಂಬಿದ ಮೇಲೆ ಮೂತ್ರಪಿಂಡದ ಅಲ್ಟ್ರಾಸೌಂಡ್, ಜೊತೆಗೇ ಎಕೋ, ಮುಖದ ಚಿತ್ರ ಮತ್ತೊಮ್ಮೆ. ಆಗ ಮೂಗಿನ ಮೇಲಂಚು ಗೆರೆಗಿಂತ ಮೇಲಕ್ಕೆ ಸರಿದಿದ್ದರೆ ಗಂಡಿನ ಆಯ್ಕೆಯೂ ಬದಲಾಗುತ್ತದೆ.